ನನ್ನ ಕಂಪ್ಯೂಟರ್‌ನಲ್ಲಿ ಸರಿ ಇದೆ, ಸರ್ವರ್‌ನಲ್ಲಿ ಇಲ್ಲ: ಅಸೆಟ್ ಬಿಲ್ಡ್ ದೋಷ ಹುಡುಕುವ ಕೈಪಿಡಿ

ಕೋಡ್‌ನಲ್ಲಿ ತಪ್ಪಿದ್ದರೆ ಕಂಪೈಲರ್ ಕಿರುಚುತ್ತದೆ. ಅಸೆಟ್ ಬಿಲ್ಡ್ (ಫೋಟೋ, ಧ್ವನಿಯಂಥ ಫೈಲುಗಳನ್ನು ಆಪ್‌ಗೆ ಬೇಕಾದ ಹಾಗೆ ತಯಾರಿಸಿ ಒಂದು ಪ್ಯಾಕ್ ಮಾಡುವ ಕೆಲಸ) ಕೆಟ್ಟರೆ ಯಾರೂ ಕಿರುಚುವುದಿಲ್ಲ. ಪ್ಯಾಕ್ ತಯಾರಾಗುತ್ತದೆ, ಆಪ್ ಓಪನ್ ಆಗುತ್ತದೆ, ಎಲ್ಲಾ ಸರಿ ಅನ್ನಿಸುತ್ತದೆ. ಆಮೇಲೆ ಯಾವನೋ ಪ್ರವಾಸಿ ಹಳೇಬೀಡಿನಲ್ಲಿ ನಿಂತು ಪ್ಲೇ ಒತ್ತಿದಾಗ ಆಡಿಯೋ ಬರುವುದಿಲ್ಲ. ಇಂಥ ದೋಷಗಳಿಗಾಗಿ ಬರೆದದ್ದು ಇದು.

ಹಾಸನದಲ್ಲಿ ಕೂತ ನಮ್ಮದು ಸಣ್ಣ ತಂಡ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನೋಡಲು ಬರುವವರಿಗೆ ಆಡಿಯೋ ಗೈಡ್ ಆಪ್ ಮಾಡುತ್ತೇವೆ. ಫೋಟೋ, ಧ್ವನಿ, ನಕ್ಷೆ, ಶಿಲ್ಪಗಳ ಮೂರು ಆಯಾಮದ ಮಾದರಿ, ಕನ್ನಡ ಫಾಂಟ್, ಎಲ್ಲವೂ ಸೇರಿ ಒಂದು ಪ್ಯಾಕ್ ಫೈಲ್ ಆಗುತ್ತದೆ. ಅದನ್ನು ಮಾಡಲು ಮೇಕ್ ಅನ್ನುವ ಬಿಲ್ಡ್ ಟೂಲ್ ಮತ್ತು ಒಂದಷ್ಟು ಪೈಥಾನ್ ಸ್ಕ್ರಿಪ್ಟ್ ಇವೆ. ಕೆಲಸ ಮಾಡುವವರ ಹತ್ತಿರ ವಿಂಡೋಸ್, ಮ್ಯಾಕ್ ಎರಡೂ ಇವೆ. ಕೊನೆಯ ಬಿಲ್ಡ್ ಆಗುವುದು ಲಿನಕ್ಸ್ ಸರ್ವರ್‌ನಲ್ಲಿ. ನಿಮ್ಮ ಟೂಲ್‌ಗಳು ಬೇರೆ ಇರಬಹುದು, ದೋಷಗಳ ಜಾತಿ ಮಾತ್ರ ಹೆಚ್ಚುಕಮ್ಮಿ ಇದೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಕೆಳಗಿನದ್ದೆಲ್ಲ ಅದರ ಮೇಲೇ ನಿಂತಿದೆ. ಬಿಲ್ಡ್ ವಿಚಿತ್ರವಾಗಿ ಆಡುತ್ತಿದೆ ಅಂದರೆ, ನಾವು ಅದಕ್ಕೆ ಹೇಳದ ಯಾವುದೋ ಇನ್‌ಪುಟ್ ಒಳಗೆ ಬಂದಿದೆ. ಅದು ಗಡಿಯಾರ ಇರಬಹುದು, ಫೈಲ್ ಹೆಸರಿನ ಕಾಣದ ಅಕ್ಷರ ಇರಬಹುದು, ಟೂಲ್‌ನ ವರ್ಷನ್ ಇರಬಹುದು, ಫೋಲ್ಡರ್ ಓದುವ ಕ್ರಮವೂ ಇರಬಹುದು. ದೋಷ ಹುಡುಕುವುದು ಅಂದರೆ ಆ ಕದ್ದು ಬಂದ ಇನ್‌ಪುಟ್ ಯಾವುದು ಅಂತ ಹುಡುಕುವುದು.

ಕ್ಲೀನ್ ಒತ್ತುವ ಮುಂಚೆ

"ಒಂದ್ಸಲ ಕ್ಲೀನ್ ಮಾಡಿ ಬಿಲ್ಡ್ ಮಾಡಿ, ಸರಿಹೋಗುತ್ತೆ." ಎಲ್ಲಾ ಆಫೀಸಿನಲ್ಲೂ ಕೇಳುವ ಮಾತು. ಕ್ಲೀನ್ ಅಂದರೆ ಹಿಂದೆ ತಯಾರಾದ ಫೈಲುಗಳನ್ನೆಲ್ಲ ಅಳಿಸಿಬಿಡುವುದು. ಸರಿ ಹೋಗುತ್ತದೆ, ನಿಜ. ಜೊತೆಗೆ ಸಾಕ್ಷಿಯೂ ಹೋಗುತ್ತದೆ. ಮುಂದಿನ ವಾರ ಅದೇ ದೋಷ ಮತ್ತೆ ಬಂದು ಕೂರುತ್ತದೆ.

ಹಾಗಾಗಿ ಮೊದಲು ಇಡೀ ಬಿಲ್ಡ್ ಫೋಲ್ಡರನ್ನು ಫೈಲ್ ಸಮಯ ಬದಲಾಗದ ಹಾಗೆ ಬೇರೆ ಕಡೆ ಕಾಪಿ ಮಾಡಿ. ಲಿನಕ್ಸ್‌ನ ಕಾಪಿ ಕಮಾಂಡನ್ನು ಸುಮ್ನೆ ಕೊಟ್ಟರೆ ಎಲ್ಲಾ ಫೈಲಿಗೂ ಇವತ್ತಿನ ಸಮಯ ಬೀಳುತ್ತದೆ, ಆಮೇಲೆ ನೋಡಲು ಏನೂ ಉಳಿಯುವುದಿಲ್ಲ. ಕಾಪಿ ಆದ ಮೇಲೆ ಕ್ಲೀನ್ ಬಿಲ್ಡ್ ಮಾಡಿ, ಎರಡೂ ಫೋಲ್ಡರಿನ ಪ್ರತಿ ಫೈಲಿಗೆ ಎಸ್‌ಎಚ್‌ಎ-256 ಹ್ಯಾಶ್ (ಒಳಗಿನದ್ದು ಒಂಚೂರು ಬದಲಾದರೂ ಬದಲಾಗುವ ಬೆರಳಚ್ಚಿನಂಥ ಗುರುತು) ತೆಗೆದು, ಹೆಸರಿನ ಪ್ರಕಾರ ಜೋಡಿಸಿ, ಎರಡು ಪಟ್ಟಿ ಹೋಲಿಸಿ.

ಕೊನೆಯ ಪ್ಯಾಕ್ ಬೇರೆ ಇದೆ ಅಂತ ಗೊತ್ತೇ ಇದೆ. ನೋಡಬೇಕಾದ್ದು ಬಿಲ್ಡ್ ಸಾಲಿನಲ್ಲಿ ಎಲ್ಲಕ್ಕಿಂತ ಮೊದಲು ಬೇರೆಯಾದ ಫೈಲ್ ಯಾವುದು ಅಂತ. ಮೂಲ ಫೋಟೋ ಒಂದೇ, ಚಿಕ್ಕದು ಮಾಡಿದ ಫೋಟೋ ಬೇರೆ ಅಂದರೆ ದೋಷ ಆ ಒಂದು ಹೆಜ್ಜೆಯಲ್ಲಿದೆ. ಅದರ ಮುಂದಿನದ್ದೆಲ್ಲ ಮರೆತುಬಿಡಿ.

ಇನ್ನೊಂದು ಪರೀಕ್ಷೆ: ಅದೇ ಮೆಷಿನ್‌ನಲ್ಲಿ ಎರಡು ಸಲ ಕ್ಲೀನ್ ಬಿಲ್ಡ್ ಮಾಡಿ. ಹ್ಯಾಶ್ ಒಂದೇ ಬಂದರೆ ಸಮಸ್ಯೆ ಹಳೇ ಫೈಲ್ ಉಳಿದದ್ದು, ಇಲ್ಲವೇ ಮೆಷಿನ್‌ಗಳ ನಡುವಿನ ವ್ಯತ್ಯಾಸ. ಅಲ್ಲೇ ಬೇರೆ ಬಂದರೆ ಬಿಲ್ಡ್ ಒಳಗೇ ಏನೋ ಅಲುಗಾಡುತ್ತಿದೆ, ಆಗ ನೇರವಾಗಿ "ಪ್ರತಿ ಸಲವೂ ಬೇರೆ ಹ್ಯಾಶ್" ಭಾಗಕ್ಕೆ ಹೋಗಿ.

ಫೋಟೋ ಬದಲಾಯಿಸಿದರೂ ಹಳೆಯದೇ ಬರುತ್ತಿದೆ

ನಮ್ಮ ಡಿಸೈನರ್ ಬೇಲೂರಿನಿಂದ ಫೋನ್ ಮಾಡುತ್ತಾಳೆ. "ಸರ್, ಆ ಮದನಿಕೆ ಫೋಟೋ ಬದಲಾಯಿಸಿ ಕಳಿಸಿದ್ನಲ್ಲ, ಆಪ್‌ನಲ್ಲಿ ಇನ್ನೂ ಹಳೇದೇ ಬರ್ತಿದೆ." "ಪೆನ್ ಡ್ರೈವಿಂದ ಹಾಕಿದ್ರಾ, ಜಿಪ್ ಮಾಡಿದ್ರಾ?" "ಜಿಪ್ ಸರ್." ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಮೇಕ್ 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಟೂಲ್. ಅದರ ಲೆಕ್ಕ ಇವತ್ತಿಗೂ ಅಷ್ಟೇ ಸರಳ. ಮೂಲ ಫೈಲಿನ ಸಮಯ ತಯಾರಾದ ಫೈಲಿಗಿಂತ ಈಚಿನದಾದರೆ ಮತ್ತೆ ಮಾಡು, ಇಲ್ಲದಿದ್ದರೆ ಬಿಡು. ಒಳಗೆ ಏನಿದೆ ಅಂತ ಅದು ನೋಡುವುದೇ ಇಲ್ಲ. ಹೋದ ವಾರ ಎಡಿಟ್ ಮಾಡಿದ ಫೋಟೋವನ್ನು ಇವತ್ತು ಜಿಪ್ ಬಿಚ್ಚಿ ಹಾಕಿದರೆ, ಫೋಟೋಗೆ ಹೋದ ವಾರದ ಸಮಯವೇ ಇರುತ್ತದೆ. ನಿನ್ನೆ ಬಿಲ್ಡ್ ಮಾಡಿದ ಫೈಲ್ ಅದಕ್ಕಿಂತ ಹೊಸದು. ಮೇಕ್ ಪ್ರಕಾರ ಮಾಡಲು ಏನೂ ಇಲ್ಲ.

ಜಿಪ್‌ನಲ್ಲಿ ಇನ್ನೊಂದು ಕೊಕ್ಕೆ ಇದೆ. ಅದರ ಮೂಲ ಸಮಯದ ಲೆಕ್ಕ ಡಾಸ್ ಕಾಲದ್ದು. 1980ರಿಂದ ಶುರು, ಎರಡು ಸೆಕೆಂಡಿಗೆ ಒಂದು ಹೆಜ್ಜೆ, ಟೈಮ್ ಜೋನ್ ಅನ್ನುವುದೇ ಇಲ್ಲ. ಕೆಲವು ಟೂಲ್‌ಗಳು ಯುಟಿಸಿ ಸಮಯವನ್ನು (ಜಗತ್ತಿಗೆಲ್ಲ ಒಂದೇ ಆದ ಸಮಯ) ಬೇರೆಯಾಗಿ ಸೇರಿಸುತ್ತವೆ. ಸೇರಿಸದ ಜಿಪ್ ಬಂತು ಅಂದುಕೊಳ್ಳಿ. ಹಾಸನದಲ್ಲಿ ಮಧ್ಯಾಹ್ನ 3 ಗಂಟೆಗೆ ಉಳಿಸಿದ ಫೈಲ್ ಯುಟಿಸಿಯಲ್ಲಿ ಓಡುವ ಸರ್ವರ್‌ನಲ್ಲೂ 3 ಗಂಟೆಯದ್ದೇ ಆಗುತ್ತದೆ. ಆದರೆ ಆ ಹೊತ್ತಿಗೆ ಅಲ್ಲಿ ಬೆಳಗ್ಗೆ 9:30. ಅಂದರೆ ಫೈಲ್ ಐದೂವರೆ ಗಂಟೆ ಮುಂದಿನ ಕಾಲದಿಂದ ಬಂದಿದೆ. ಆಗ ಮೇಕ್ ಗಡಿಯಾರ ಸರಿ ಇಲ್ಲ, ಬಿಲ್ಡ್ ಅರ್ಧಂಬರ್ಧ ಆಗಿರಬಹುದು ಅಂತ ಎಚ್ಚರಿಕೆ ಕೊಡುತ್ತದೆ, ಅದೇ ಫೈಲನ್ನು ಮತ್ತೆ ಮತ್ತೆ ಬಿಲ್ಡ್ ಮಾಡುತ್ತದೆ. ಲಾಗ್‌ನಲ್ಲಿ ಈ ಎಚ್ಚರಿಕೆ ಕಂಡರೆ ದಾಟಿ ಹೋಗಬೇಡಿ. ತಿರುಗಿಸಿ ನೋಡಿದರೆ, ಸರ್ವರ್‌ನಲ್ಲಿ ಮಾಡಿದ ಜಿಪ್ಪನ್ನು ಹಾಸನದಲ್ಲಿ ಬಿಚ್ಚಿದಾಗ ಫೈಲ್ ಐದೂವರೆ ಗಂಟೆ ಹಳೆಯದಾಗಿ ಕಾಣುತ್ತದೆ. ಈ ಸಲ ಎಚ್ಚರಿಕೆಯೂ ಇಲ್ಲ. ಬದಲಾವಣೆ ಸುಮ್ಮನೆ ಬಿಟ್ಟುಹೋಗುತ್ತದೆ.

ಹಳೇ ಡೆಸ್ಕ್‌ಟಾಪ್ ಇದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನೂ ನೋಡಿ. ಅದು ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಇಂಟರ್ನೆಟ್ ಸಿಗುವವರೆಗೆ ಸರಿಯಾಗುವುದಿಲ್ಲ. ಆ ನಡುವೆ ಉಳಿಸಿದ ಪ್ರತಿ ಫೈಲೂ ಬಿಲ್ಡ್ ಕಣ್ಣಿಗೆ ಹಳೆಯದೇ.

ಮೇಕ್ ಯಾಕೆ ಹೀಗೆ ನಿರ್ಧಾರ ಮಾಡಿತು ಅಂತ ಕೇಳಲು ಅದರ ಡೀಬಗ್ ಆಯ್ಕೆ ಇದೆ. ಉದ್ದುದ್ದ ಬರುತ್ತದೆ, ಆದರೆ ನಿಮ್ಮ ಫೈಲಿನ ಹೆಸರು ಹುಡುಕಿದರೆ ಯಾವುದು ಯಾವುದಕ್ಕಿಂತ ಹೊಸದು ಅಂತ ಅದೇ ಹೇಳುತ್ತದೆ. ಮೇಕ್ ಬದಲು ನಿಂಜಾ ಅನ್ನುವ ಬಿಲ್ಡ್ ಟೂಲ್ ಬಳಸುವವರಿಗೆ ಕಾರಣ ವಿವರಿಸುವ ಆಯ್ಕೆ ಇನ್ನೂ ಚೊಕ್ಕವಾಗಿದೆ.

ಕಾಯಂ ಪರಿಹಾರ ಒಂದೇ. ಅಸೆಟ್‌ಗಳ ವಿಷಯದಲ್ಲಿ ಸಮಯವನ್ನು ನಂಬುವುದು ಬಿಟ್ಟು ಒಳಗಿನ ಹ್ಯಾಶ್ ನಂಬಿ. ಪ್ರತಿ ಹೆಜ್ಜೆಗೂ ಒಂದು ಕೀಲಿ ಮಾಡಿ: ಮೂಲ ಫೈಲಿನ ಹ್ಯಾಶ್, ಟೂಲ್‌ನ ವರ್ಷನ್, ಅದಕ್ಕೆ ಕೊಟ್ಟ ಎಲ್ಲಾ ಆಯ್ಕೆಗಳು, ನಡೆಸುವ ಸ್ಕ್ರಿಪ್ಟಿನ ಹ್ಯಾಶ್, ಯಾವ ಫೋನಿಗೆ ಅನ್ನುವುದು. ಕೀಲಿ ಬದಲಾಗಿದ್ದರೆ ಮತ್ತೆ ಮಾಡು, ಇಲ್ಲದಿದ್ದರೆ ಹಳೆಯದನ್ನೇ ಕೊಡು. ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಯಾರ ತೋಟದ ಯಾವ ಮಾಲು ಅಂತ ಮೂಟೆಗೆ ಚೀಟಿ ಇರುತ್ತದಲ್ಲ, ಹಾಗೆ. ಚೀಟಿ ಇಲ್ಲದ ಮೂಟೆ ಒಳಗೆ ಬರಬಾರದು.

ಇದರಲ್ಲಿ ಜನ ಹೆಚ್ಚಾಗಿ ಮರೆಯುವುದು ಸ್ಕ್ರಿಪ್ಟನ್ನು. ಫೋಟೋ ಗುಣಮಟ್ಟ 80 ಇದ್ದದ್ದನ್ನು ಯಾರೋ 60 ಮಾಡುತ್ತಾರೆ. ಫೋಟೋ ಬದಲಾಗಿಲ್ಲ, ಹಾಗಾಗಿ ಯಾವುದೂ ಮತ್ತೆ ಬಿಲ್ಡ್ ಆಗುವುದಿಲ್ಲ. ಆಮೇಲೆ ಹೊಸದಾಗಿ ಸೇರಿಸಿದ ಫೋಟೋಗಳು ಮಾತ್ರ 60ರಲ್ಲಿ ಬರುತ್ತವೆ. ಒಂದೇ ಪ್ಯಾಕ್‌ನಲ್ಲಿ ಎರಡು ಗುಣಮಟ್ಟ.

ಇದರ ತಮ್ಮನೂ ಒಬ್ಬ ಇದ್ದಾನೆ. ಮೂಲದಿಂದ ಡಿಲೀಟ್ ಮಾಡಿದ ಫೈಲ್ ಪ್ಯಾಕ್‌ನಲ್ಲಿ ಉಳಿಯುವುದು. ಕಾರಣ, ಪ್ಯಾಕ್ ಮಾಡುವ ಸ್ಕ್ರಿಪ್ಟ್ "ಈ ಫೋಲ್ಡರಿನಲ್ಲಿ ಇರುವುದೆಲ್ಲ" ಅಂತ ತುಂಬುತ್ತದೆ. ಹಾಗೆ ಮಾಡಬೇಡಿ. ಏನು ಇರಬೇಕು ಅನ್ನುವ ಪಟ್ಟಿ ಮಾಡಿ, ಪಟ್ಟಿಯಲ್ಲಿ ಇದ್ದದ್ದನ್ನು ಮಾತ್ರ ತುಂಬಿ. ಪಟ್ಟಿಯಲ್ಲಿದ್ದೂ ಸಿಗದಿದ್ದರೆ ಬಿಲ್ಡ್ ನಿಲ್ಲಬೇಕು.

ಕರೆಂಟ್ ಹೋಗಿ ಬಂದ ಮೇಲೆ ಫೈಲ್ ಅರ್ಧ

ಮಲೆನಾಡಿನ ಮಳೆಗಾಲ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಕಲೇಶಪುರದ ಕಡೆ ಒಂದು ಮರದ ಕೊಂಬೆ ತಂತಿ ಮೇಲೆ ಬಿದ್ದರೆ ಸಂಜೆವರೆಗೂ ಕತ್ತಲು. ಯುಪಿಎಸ್ ಬ್ಯಾಟರಿ ಹಳತಾಗಿದ್ದರೆ ಬಿಲ್ಡ್ ಮಧ್ಯದಲ್ಲೇ ಮೆಷಿನ್ ಆಫ್.

ಲಕ್ಷಣ ಹೀಗಿರುತ್ತದೆ. ಒಂದು ಆಡಿಯೋ ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಫೈಲ್ ಸೊನ್ನೆ ಬೈಟ್ ಇರುತ್ತದೆ. ಎಷ್ಟು ಸಲ ಬಿಲ್ಡ್ ಕೊಟ್ಟರೂ ಅದು ಸರಿಯಾಗುವುದಿಲ್ಲ. ಯಾಕೆಂದರೆ ಆ ಅರ್ಧ ಫೈಲಿನ ಸಮಯ ಹೊಸದು. ಮೇಕ್ ಕಣ್ಣಿಗೆ ಅದು ಮುಗಿದ ಕೆಲಸ.

ನೀವು ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದರೆ ಮೇಕ್ ತಾನು ಮಾಡುತ್ತಿದ್ದ ಫೈಲನ್ನು ಅಳಿಸಿ ಹೋಗುತ್ತದೆ. ಟೂಲ್ ತಪ್ಪು ಕೊಟ್ಟು ನಿಂತರೆ ಅಳಿಸಬೇಕು ಅಂತ ಮೇಕ್‌ಫೈಲಿನಲ್ಲಿ ಒಂದು ಸಾಲು ಬೇರೆ ಹಾಕಬೇಕು, ಹೆಚ್ಚಿನವರು ಹಾಕಿರುವುದಿಲ್ಲ. ಕರೆಂಟ್ ಹೋದಾಗ ಅಳಿಸಲು ಮೇಕ್ ಬದುಕಿಯೇ ಇರುವುದಿಲ್ಲ. ಮೇಲಾಗಿ, ಲಿನಕ್ಸ್‌ನ ಎಕ್ಸ್‌ಟ್4ನಂಥ ಫೈಲ್ ಸಿಸ್ಟಮ್ ಬರೆದದ್ದನ್ನು ತಕ್ಷಣ ಡಿಸ್ಕಿಗೆ ಇಳಿಸುವುದಿಲ್ಲ, ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಹೆಸರು ಡಿಸ್ಕಿಗೆ ಹೋಗಿರುತ್ತದೆ, ಒಳಗಿನ ಮಾಲು ಹೋಗಿರುವುದಿಲ್ಲ. ಸೊನ್ನೆ ಬೈಟ್ ಫೈಲ್ ಹುಟ್ಟುವುದು ಹೀಗೆ.

ಪರೀಕ್ಷೆ ಸುಲಭ. ಬಿಲ್ಡ್ ಫೋಲ್ಡರಿನಲ್ಲಿ ಸೊನ್ನೆ ಬೈಟಿನ ಫೈಲುಗಳನ್ನು ಹುಡುಕಿ. ಕರೆಂಟ್ ಹೋದ ಹೊತ್ತಿನ ಆಸುಪಾಸಿನ ಫೈಲುಗಳನ್ನು ಸಮಯದ ಪ್ರಕಾರ ಜೋಡಿಸಿ ನೋಡಿ. ಕೊನೆಯ ಒಂದೆರಡರಲ್ಲಿ ಸಿಕ್ಕೇ ಸಿಗುತ್ತದೆ.

ಪರಿಹಾರವೂ ಹಳೆಯದೇ, ಆದರೆ ಪೂರ್ತಿ ಮಾಡುವವರು ಕಡಿಮೆ. ಯಾವ ಹೆಜ್ಜೆಯೂ ನೇರವಾಗಿ ಕೊನೆಯ ಹೆಸರಿಗೆ ಬರೆಯಬಾರದು. ತಾತ್ಕಾಲಿಕ ಹೆಸರಿಗೆ ಬರೆಯಿರಿ, ಎಫ್‌ಸಿಂಕ್ ಕೊಟ್ಟು ಡಿಸ್ಕಿಗೆ ಇಳಿಸಿ, ಆಮೇಲೆ ಹೆಸರು ಬದಲಾಯಿಸಿ. ಹೆಸರು ಬದಲಾವಣೆ ಆದರೆ ಪೂರ್ತಿ, ಇಲ್ಲದಿದ್ದರೆ ಇಲ್ಲವೇ ಇಲ್ಲ. ನಡುವಿನ ಸ್ಥಿತಿ ಯಾರಿಗೂ ಕಾಣುವುದಿಲ್ಲ. ಆದರೆ ಒಂದು ಷರತ್ತು. ತಾತ್ಕಾಲಿಕ ಫೈಲ್ ಕೂಡ ಅದೇ ಫೈಲ್ ಸಿಸ್ಟಮ್ ಮೇಲೆ ಇರಬೇಕು. ಎಷ್ಟೋ ಸ್ಕ್ರಿಪ್ಟ್‌ಗಳು ಅದನ್ನು ಸಿಸ್ಟಮ್‌ನ ಟೆಂಪ್ ಫೋಲ್ಡರಿನಲ್ಲಿ ಮಾಡುತ್ತವೆ. ಅದು ಬೇರೆ ಪಾರ್ಟಿಷನ್ ಆಗಿದ್ದರೆ ಮೂವ್ ಕಮಾಂಡ್ ಒಳಗೊಳಗೇ ಕಾಪಿ ಮಾಡುತ್ತದೆ. ಕಾಪಿ ಅಂದ ಮೇಲೆ ಅರ್ಧಕ್ಕೆ ನಿಲ್ಲಬಹುದು. ಕಷ್ಟಪಟ್ಟು ಹಾಕಿದ ಕಾವಲು ಅಲ್ಲೇ ಸೋರಿಹೋಯಿತು. ತಾತ್ಕಾಲಿಕ ಫೈಲನ್ನು ಕೊನೆಯ ಫೈಲಿನ ಪಕ್ಕದಲ್ಲೇ ಮಾಡಿ.

ಇಲ್ಲಿ ಫೈಲ್ ಇದೆ, ಸರ್ವರ್‌ನಲ್ಲಿ "ಫೈಲ್ ಸಿಗಲಿಲ್ಲ"

ಇಂಗ್ಲಿಷ್ ಹೆಸರಾದರೆ ಮೊದಲ ಅನುಮಾನ ದೊಡ್ಡಕ್ಷರ, ಸಣ್ಣಕ್ಷರ. ವಿಂಡೋಸ್ ಮತ್ತು ಮ್ಯಾಕ್ ಮಾಮೂಲಿಯಾಗಿ ಎರಡನ್ನೂ ಒಂದೇ ಅನ್ನುತ್ತವೆ. ಲಿನಕ್ಸ್ ಒಪ್ಪುವುದಿಲ್ಲ. ಇದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಬೀಳುವ ಗುಂಡಿ. ಎಲ್ಲಾ ಹೆಸರನ್ನೂ ಸಣ್ಣಕ್ಷರಕ್ಕೆ ತಿರುಗಿಸಿ, ಎರಡು ಫೈಲು ಒಂದೇ ಹೆಸರಿಗೆ ಬಂದರೆ ಬಿಲ್ಡ್ ನಿಲ್ಲಿಸುವ ಚಿಕ್ಕ ಸ್ಕ್ರಿಪ್ಟ್ ಸಾಕು.

ಕನ್ನಡ ಹೆಸರುಗಳದ್ದು ಬೇರೆ ಕತೆ. ಕನ್ನಡದಲ್ಲಿ ಫೈಲ್ ಹೆಸರಿಡುವವರು ಜಾಸ್ತಿ ಆಗುತ್ತಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

"ಬೇಲೂರು" ಅನ್ನುವ ಹೆಸರನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ೇ ಅನ್ನುವುದಕ್ಕೆ ಒಂದೇ ಸಂಕೇತ ಇದೆ. ಅದನ್ನೇ ೆ ಮತ್ತು ದೀರ್ಘದ ಗುರುತು ೕ ಅಂತ ಎರಡಾಗಿ ಒಡೆದೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ. ಮೊದಲನೆಯದು ಯುಟಿಎಫ್-8ರಲ್ಲಿ 18 ಬೈಟ್, ಎರಡನೆಯದು 21 ಬೈಟ್. "ಹಳೇಬೀಡು" ಆದರೆ ೇ, ೀ ಎರಡೂ ಒಡೆಯುತ್ತವೆ, 21 ಇದ್ದದ್ದು 27 ಆಗುತ್ತದೆ. ಲಿನಕ್ಸ್ ಮಾಮೂಲಿಯಾಗಿ ಬೈಟ್‌ಗಳನ್ನಷ್ಟೇ ಹೋಲಿಸುತ್ತದೆ, ಹಾಗಾಗಿ ಅದರ ಪಾಲಿಗೆ ಇವು ಬೇರೆ ಬೇರೆ ಫೈಲುಗಳು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಹೆಸರನ್ನು ಒಡೆದೇ ಇಡುತ್ತಿತ್ತು. ಆ ಕಾಲದ ಹಾರ್ಡ್ ಡಿಸ್ಕಿನಿಂದ ಬಂದ ಫೈಲುಗಳಲ್ಲಿ ಒಡೆದ ಹೆಸರು ಇವತ್ತಿಗೂ ಸಿಗುತ್ತದೆ. ಸ್ಕ್ರಿಪ್ಟಿನಲ್ಲಿ ನೀವು ಕೀಬೋರ್ಡಿನಿಂದ ಟೈಪ್ ಮಾಡಿದ್ದು ಸಾಮಾನ್ಯವಾಗಿ ಒಡೆಯದ ಹೆಸರು. ಹುಡುಕಿದರೆ ಸಿಗುವುದಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತಿರುತ್ತದೆ. ತಲೆ ಕೆಡುವುದು ಸಹಜ.

ಇನ್ನೊಂದು ಕಾಣದ ಅತಿಥಿ ಎಂದರೆ ಜೋಡಣೆ ತಡೆಯುವ ಅಕ್ಷರ. "ಸಾಫ್ಟ್‌ವೇರ್" ಅಂತ ಬರೆಯುವಾಗ ಟ ಕೆಳಗೆ ವ ಒತ್ತಾಗದಿರಲಿ ಅಂತ ಕೀಬೋರ್ಡ್ ಹಾಕುವುದು ಅದನ್ನೇ. ಅದಕ್ಕೆ ಅಗಲ ಇಲ್ಲ, ಆದರೆ 3 ಬೈಟ್ ಇದೆ. ಹೆಸರಿನ ಕೊನೆಯಲ್ಲಿ ಅಂಟಿಕೊಂಡಿದ್ದರೆ ದೇವರೇ ಗತಿ.

ಪತ್ತೆ ಮಾಡಲು ಹೆಸರಿನ ಬೈಟ್‌ಗಳನ್ನು ಪ್ರಿಂಟ್ ಮಾಡಿ ಎಣಿಸಿ. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ನಿಮ್ಮ ಎಣಿಕೆಗಿಂತ 3ರ ಲೆಕ್ಕದಲ್ಲಿ ಜಾಸ್ತಿ ಬಂದರೆ ಏನೋ ಅಡಗಿದೆ. ಇದೇ ಲೆಕ್ಕ ಇನ್ನೊಂದು ಕಡೆಯೂ ಕಚ್ಚುತ್ತದೆ: ಲಿನಕ್ಸ್‌ನಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಕನ್ನಡದಲ್ಲಿ ಅದು 85 ಸಂಕೇತ. ಒತ್ತಕ್ಷರ, ಗುಣಿತ ಎಲ್ಲವೂ ಲೆಕ್ಕಕ್ಕೆ ಬರುವುದರಿಂದ ಇಡೀ ವಾಕ್ಯವನ್ನೇ ಹೆಸರಾಗಿ ಇಡುವವರಿಗೆ ಬೇಗ ಮುಗಿಯುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಮೂಲ ಫೋಲ್ಡರಿನಲ್ಲಿ ಜನ ಕನ್ನಡದಲ್ಲೇ ಹೆಸರಿಡಲಿ, ಅದು ಅವರ ಅನುಕೂಲ. ಬಾಗಿಲಲ್ಲಿ ಒಂದು ಸ್ಕ್ರಿಪ್ಟ್ ಎಲ್ಲಾ ಹೆಸರನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಡೆಯದ ರೂಪಕ್ಕೆ ತಂದು, ಕಾಣದ ಅಕ್ಷರ ಇದ್ದರೆ ತಡೆದು, ಪ್ರತಿ ಫೈಲಿಗೂ ಒಂದು ಸರಳ ಐಡಿ ಕೊಡಲಿ. ಬಿಲ್ಡ್ ಒಳಗೆ ಓಡಾಡುವುದು ಆ ಐಡಿ ಮಾತ್ರ. ಇದರಿಂದ ಇನ್ನೊಂದು ಪೀಡೆಯೂ ತಪ್ಪುತ್ತದೆ. ವಾಟ್ಸಾಪ್‌ನಿಂದ ಎರಡನೇ ಸಲ ಇಳಿಸಿದ ಫೈಲಿನ ಹೆಸರಿಗೆ ಜಾಗ ಬಿಟ್ಟು ಬ್ರಾಕೆಟ್‌ನಲ್ಲಿ 1 ಅಂತ ಸೇರಿರುತ್ತದೆ, ಮೇಕ್‌ಗೆ ಹೆಸರಿನ ನಡುವೆ ಜಾಗ ಇದ್ದರೆ ಆಗಿಬರುವುದಿಲ್ಲ. ಅಂದಹಾಗೆ, ವಾಟ್ಸಾಪ್‌ನಲ್ಲಿ ಕಳಿಸುವುದೇ ಆದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ.

ಫೈಲ್ ಇದೆ, ತೆರೆಯುವುದಿಲ್ಲ

ಪಿಎನ್‌ಜಿ ಫೈಲಿನ ಮೊದಲ ಎಂಟು ಬೈಟ್ ನೋಡಿ. 137, 80, 78, 71, 13, 10, 26, 10 ಇರಬೇಕು. ಇದರಲ್ಲಿ 13, 10 ಬೇಕಂತಲೇ ಇಟ್ಟದ್ದು. ಅದು ವಿಂಡೋಸ್‌ನ ಸಾಲಿನ ಕೊನೆಯ ಗುರುತು. ಯಾವುದಾದರೂ ಟೂಲ್ ಫೋಟೋವನ್ನು ಬರಹ ಅಂದುಕೊಂಡು ಸಾಲಿನ ಗುರುತು ಬದಲಾಯಿಸಿದರೆ ಇಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿದ್ದರೆ ಫೈಲುಗಳ ಬದಲಾವಣೆ ದಾಖಲಿಸುವ ಟೂಲ್ ಆದ ಗಿಟ್‌ನ ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಅಸೆಟ್‌ಗಳನ್ನು ಬೈನರಿ ಅಂತ ಬರೆಯಿರಿ. ಪ್ರತಿಯೊಬ್ಬರ ಸೆಟ್ಟಿಂಗ್ ನಂಬಬೇಡಿ.

ಎಂಟು ಬೈಟ್ ಬದಲು ಇಂಗ್ಲಿಷ್ ಬರಹವೇ ಕಂಡರೆ, ಅದು ದೊಡ್ಡ ಫೈಲುಗಳನ್ನು ಬೇರೆ ಕಡೆ ಇಡುವ ಗಿಟ್ ಎಲ್‌ಎಫ್‌ಎಸ್‌ನ ವಿಳಾಸದ ಚೀಟಿ. ನಿಜವಾದ ಫೋಟೋ ಇಳಿದೇ ಇಲ್ಲ. ನೂರಮೂವತ್ತು ಬೈಟ್ ಆಸುಪಾಸಿನ "ಫೋಟೋ"ಗಳು ತುಂಬಿದ ಪ್ಯಾಕ್ ತಯಾರಾಗುತ್ತದೆ, ಬಿಲ್ಡ್ ಹಸಿರು ತೋರಿಸುತ್ತದೆ.

ಪ್ರತಿ ಸಲವೂ ಬೇರೆ ಹ್ಯಾಶ್

ಏನೂ ಬದಲಾಯಿಸದೆ ಎರಡು ಸಲ ಬಿಲ್ಡ್ ಮಾಡಿದರೆ ಎರಡು ಹ್ಯಾಶ್. ಆಪ್ ಓಡುತ್ತದೆ, ಹಾಗಾಗಿ "ಏನಾಯ್ತೀಗ?" ಅನ್ನಿಸಬಹುದು. ಆದದ್ದು ಇಷ್ಟು: ಮೇಲೆ ಹೇಳಿದ, ಹ್ಯಾಶ್ ಹೋಲಿಸುವ ಯಾವ ಪರೀಕ್ಷೆಯೂ ಇನ್ನು ಕೆಲಸ ಮಾಡುವುದಿಲ್ಲ. ಜೊತೆಗೆ ಬಳಸುವವರು ಬದಲಾಗದ ಪ್ಯಾಕನ್ನು ಮತ್ತೆ ಇಳಿಸಿಕೊಳ್ಳಬೇಕು, ಬೇಲೂರಿನ ಜನಜಂಗುಳಿಯಲ್ಲಿ ಸಿಗುವ ಮೊಬೈಲ್ ನೆಟ್‌ನಲ್ಲಿ.

ಎರಡೂ ಪ್ಯಾಕನ್ನು ಡಿಫೊಸ್ಕೋಪ್ ಅನ್ನುವ ಹೋಲಿಸುವ ಟೂಲ್‌ಗೆ ಕೊಡಿ. ಪದರ ಪದರವಾಗಿ ಬಿಚ್ಚಿ ಎಲ್ಲಿ ಬೇರೆ ಇದೆ ಅಂತ ತೋರಿಸುತ್ತದೆ. ಹೆಚ್ಚಾಗಿ ಸಿಗುವುದು ಇವೇ. ಪ್ಯಾಕ್ ಒಳಗೆ ಬಿಲ್ಡ್ ಮಾಡಿದ ಸಮಯ ಕೂತಿದೆ: ಎಲ್ಲಾ ಫೈಲಿಗೂ ಒಂದೇ ನಿಗದಿತ ಸಮಯ ಹಾಕಿ. ಎಷ್ಟೋ ಟೂಲ್‌ಗಳು ಇದಕ್ಕಾಗಿ ಸೋರ್ಸ್ ಡೇಟ್ ಎಪಾಕ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಓದುತ್ತವೆ. ಫೋಲ್ಡರ್ ಓದಿದ ಕ್ರಮದಲ್ಲೇ ಫೈಲ್ ತುಂಬಿದೆ: ಆ ಕ್ರಮಕ್ಕೆ ಯಾವ ಖಾತರಿಯೂ ಇಲ್ಲ, ಹೆಸರಿನ ಬೈಟ್ ಪ್ರಕಾರ ಜೋಡಿಸಿ ತುಂಬಿ. ಭಾಷೆಯ ಸೆಟ್ಟಿಂಗ್ ಪ್ರಕಾರ ಜೋಡಿಸಿದರೆ ಮತ್ತೆ ಮೆಷಿನ್‌ಗೊಂದು ಕ್ರಮ ಬರುತ್ತದೆ. ಪೈಥಾನ್‌ನಲ್ಲಿ ಸೆಟ್ ಮೇಲೆ ಲೂಪ್ ಓಡಿಸಿದ್ದಾರೆ: ಡಿಕ್ಷನರಿ 3.7ರಿಂದ ಹಾಕಿದ ಕ್ರಮ ಉಳಿಸಿಕೊಳ್ಳುತ್ತದೆ, ಸೆಟ್ ಉಳಿಸಿಕೊಳ್ಳುವುದಿಲ್ಲ. ಅಕ್ಷರಗಳಿಗೆ ಪೈಥಾನ್ ಒಳಗೊಳಗೇ ಕೊಡುವ ಹ್ಯಾಶ್ ಪ್ರತಿ ಸಲ ಬೇರೆ ಇರುವುದರಿಂದ ಕ್ರಮವೂ ಬೇರೆ. ಇವೆಲ್ಲ ಸರಿಪಡಿಸಿದರೂ ಉಳಿದರೆ, ಪ್ಯಾಕ್ ಒಳಗೆ ಯಾರದ್ದೋ ಹೋಮ್ ಫೋಲ್ಡರಿನ ಪೂರ್ತಿ ದಾರಿ ಬರೆದಿದೆಯಾ ನೋಡಿ.

ಒಮ್ಮೊಮ್ಮೆ ಮಾತ್ರ ಕೆಡುತ್ತದೆ

ಒಂದೇ ಕೆಲಸವಾಗಿ ಓಡಿಸಿದರೆ ಸರಿ, ಎಂಟು ಕೆಲಸ ಒಟ್ಟಿಗೆ ಓಡಿಸಿದರೆ ಆಗಾಗ ಕೆಡುತ್ತದೆ ಅಂದರೆ ಯಾವುದೋ ಅವಲಂಬನೆ ಬರೆದಿಲ್ಲ. ಒಂದು ಹೆಜ್ಜೆ ಇನ್ನೊಂದರ ಫೈಲ್ ಬೇಕು ಅಂತ ಹೇಳದೆ ಬಳಸುತ್ತಿದೆ. ಇದುವರೆಗೆ ಅದೃಷ್ಟಕ್ಕೆ ಆ ಫೈಲ್ ಮೊದಲೇ ತಯಾರಾಗುತ್ತಿತ್ತು. ಜಿಎನ್‌ಯು ಮೇಕ್ 4.4ರಲ್ಲಿ, ಅಂದರೆ 2022ರಿಂದ, ಕ್ರಮವನ್ನು ಬೇಕಂತಲೇ ಕಲಸುವ ಶಫಲ್ ಆಯ್ಕೆ ಇದೆ. ಅದನ್ನು ಹಾಕಿ ರಾತ್ರಿ ಕೆಲವು ಸಲ ಕ್ಲೀನ್ ಬಿಲ್ಡ್ ಓಡಿಸಿ. ಕೆಟ್ಟಾಗ ಯಾವ ಕ್ರಮದಲ್ಲಿ ಕೆಟ್ಟಿತು ಅನ್ನುವ ಸಂಖ್ಯೆ ತೋರಿಸುತ್ತದೆ, ಅದೇ ಸಂಖ್ಯೆ ಕೊಟ್ಟು ಅದೇ ಕ್ರಮವನ್ನು ಮತ್ತೆ ತರಬಹುದು. ಕೆಲಸಗಳ ಸಂಖ್ಯೆ ಒಂದಕ್ಕೆ ಇಳಿಸಿ ಕೈ ತೊಳೆದುಕೊಳ್ಳುವುದು ಪರಿಹಾರ ಅಲ್ಲ.

ದೂರು ಬಂದಾಗ ಏನು ಕೇಳಬೇಕು

ಪ್ಯಾಕ್ ಒಳಗೇ ಒಂದು ಪಟ್ಟಿ ಇಡಿ. ಅದರಲ್ಲಿ ಪ್ರತಿ ಫೈಲಿನ ಐಡಿ, ಬೈಟ್ ಅಳತೆ, ಹ್ಯಾಶ್, ಜೊತೆಗೆ ಬಿಲ್ಡ್ ಮಾಡಿದ ಗಿಟ್ ಕಮಿಟ್ (ಮೂಲ ಫೈಲುಗಳ ಆ ಹೊತ್ತಿನ ಸ್ಥಿತಿಯ ಗುರುತು) ಮತ್ತು ಟೂಲ್‌ಗಳ ವರ್ಷನ್ ಇರಲಿ. ಆ ಪಟ್ಟಿಯ ಹ್ಯಾಶ್‌ನ ಮೊದಲ ಎಂಟು ಅಕ್ಷರ ಆಪ್‌ನ ಮಾಹಿತಿ ಪುಟದಲ್ಲಿ ಕಾಣಲಿ. ಯಾರಾದರೂ "ಆಡಿಯೋ ಬರ್ತಿಲ್ಲ ಸರ್" ಅಂತ ಫೋನ್ ಮಾಡಿದರೆ ಮೊದಲು ಆ ಎಂಟು ಅಕ್ಷರ ಓದಲು ಹೇಳಿ. ನಿಮ್ಮ ಹತ್ತಿರದ ಪಟ್ಟಿಗೆ ಹೊಂದದಿದ್ದರೆ ಅವರ ಫೋನಿನಲ್ಲಿ ಇರುವುದು ಹಳೇ ಪ್ಯಾಕ್, ಬಿಲ್ಡ್ ಮುಟ್ಟಬೇಡಿ. ಹೊಂದಿದರೆ ಆಪ್‌ಗೆ ಫೈಲುಗಳ ಹ್ಯಾಶ್ ಮತ್ತೆ ಲೆಕ್ಕ ಹಾಕಲು ಒಂದು ಬಟನ್ ಕೊಡಿ, ಅದನ್ನು ಒತ್ತಿಸಿ. ಅಲ್ಲಿ ತಪ್ಪು ಬಂದರೆ ಡೌನ್‌ಲೋಡ್ ಮಧ್ಯದಲ್ಲಿ ಕೆಟ್ಟಿದೆ, ಆ ಒಂದು ಫೈಲ್ ಮಾತ್ರ ಮತ್ತೆ ಇಳಿಸಿದರೆ ಸಾಕು. ಅಲ್ಲೂ ಎಲ್ಲ ಸರಿ ಬಂದರೆ, ಆಗ ಆ ಕಮಿಟ್ ತೆಗೆದು, ಅದೇ ಟೂಲ್ ವರ್ಷನ್‌ನಲ್ಲಿ ನಿಮ್ಮ ಮೆಷಿನ್‌ನಲ್ಲಿ ಬಿಲ್ಡ್ ಮಾಡಿ ಹೋಲಿಸಲು ಶುರು ಮಾಡಿ.